ಬಲ ಮೂಲೆಯ ಕೇಬಲ್

ಕೆಲಸದ ಜಾಗದಲ್ಲಿ ನಮ್ಮ ಭಾವನನ್ನು ಎಲ್ಲರೂ ‘ಕಿವಿ ಮೇಸ್ತ್ರಿ’ ಎನ್ನುತ್ತಿದ್ದರು. ನಿಲ್ದಾಣಗಳಿಗೆ ಬಿಳಿ ಬಟ್ಟೆಯ ಛಾವಣಿ ಎಳೆದು ಕಟ್ಟುವುದು ನಮ್ಮ ಕಸುಬು. ಉಕ್ಕಿನ ಕೇಬಲ್ ಎಷ್ಟು ಬಿಗಿಯಾಗಿದೆ ಎಂದು ಎಂಜಿನಿಯರ್ ಮೀಟರ್ ಹಿಡಿದು ನೋಡುವಷ್ಟರಲ್ಲಿ, ಭಾವ ಅಂಗೈಯಿಂದ ಅದಕ್ಕೊಂದು ಏಟು ಕೊಟ್ಟು, ದನಿ ಕೇಳಿ, ಹೇಳಿಬಿಡುತ್ತಿದ್ದ. ಒಮ್ಮೆಯೂ ತಪ್ಪಿದ್ದಿಲ್ಲ.

ಅದೇ ಅಂಗೈಯಿಂದ ಹೋದ ವಾರ ನನ್ನ ಅಕ್ಕನ ಕಪಾಳಕ್ಕೆ ಬಾರಿಸಿದ್ದ. ಅಂಗಿಗೆ ಗುಂಡಿ ಹೊಲಿದಿರಲಿಲ್ಲ ಎಂಬ ಘನಂದಾರಿ ಕಾರಣಕ್ಕೆ. ಎಡಗಿವಿಯ ತಮಟೆ ಹರಿದಿದೆ, ಆ ಕಡೆಯಿಂದ ಇನ್ನು ಕೇಳಿಸುವುದು ಕಷ್ಟ ಎಂದರು ಡಾಕ್ಟರು. ಬಾಗಿಲಿಗೆ ತಲೆ ತಾಗಿತು ಎಂದು ಅಕ್ಕ ಅವರಿಗೆ ಹೇಳಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇವನು ಸಾಯಲಿ ಅನ್ನಿಸಿತು. ಎದುರಿಗೆ ‘ನೀವು, ತಾವು’ ಎನ್ನುತ್ತಲೇ ಇದ್ದೆ, ಮನಸ್ಸಿನಲ್ಲಿ ಏಕವಚನ.

ಅವಕಾಶ ತಾನಾಗಿಯೇ ಬಂತು. ರೈಲು ನಿಲ್ದಾಣದ ಮುಂದಿನ ಛಾವಣಿಯ ಬಲ ಮೂಲೆಯಲ್ಲಿ ಭಾವ, ಎಡ ಮೂಲೆಯಲ್ಲಿ ನಾನು. ಇಬ್ಬರೂ ಒಟ್ಟಿಗೆ ತಿರುಪನ್ನು ಒಂದೊಂದೇ ಸುತ್ತು ತಿರುಗಿಸಿ ಕೇಬಲ್ ಬಿಗಿಯಬೇಕು. ಪ್ರತಿ ಸುತ್ತಿಗೂ ಅವನು ಲೆಕ್ಕ ಕೂಗುತ್ತಾನೆ, ನಾನು ತಿರುಗಿಸಿ ಅದನ್ನೇ ಕೂಗಬೇಕು. ಒಬ್ಬ ತಪ್ಪಿಸಿದರೆ ಎಳೆತವೆಲ್ಲ ಇನ್ನೊಬ್ಬನ ಕೇಬಲ್ ಮೇಲೆ; ಅದು ಹರಿದರೆ ಪಕ್ಕದಲ್ಲಿದ್ದವನ ಕಥೆ ಮುಗಿಯಿತು.

“ಹತ್ತು!” ಎಂದ.

“ಹತ್ತು!” ಎಂದೆ. ತಿರುಗಿಸಲಿಲ್ಲ.

ಹನ್ನೊಂದು, ಹನ್ನೆರಡು, ಹದಿಮೂರು. ಬಟ್ಟೆ ಬಲಕ್ಕೆ ಓರೆಯಾಯಿತು. ಭಾವ ಕೇಬಲ್ಲಿಗೆ ಅಂಗೈಯಿಂದ ಬಡಿದ, ಕೇಳಿದ, ನನ್ನ ಕಡೆ ತಿರುಗಿದ.

“ಎಷ್ಟು ಸುತ್ತು ನುಂಗಿದೆಯೋ?”

ನಾನು ಸ್ಪ್ಯಾನರನ್ನು ಕೆಳಗಿಟ್ಟೆ.

“ಅಕ್ಕನಿಗೋಸ್ಕರ, ಅಲ್ವಾ? ನನ್ನನ್ನ ಹೆದರಿಸ್ತೀಯಾ? ನೋಡೇಬಿಡೋಣ!”

ಬೇರೆ ಯಾರಾದರೂ ದೂರ ಓಡುತ್ತಿದ್ದರು. ಈ ಹಟಮಾರಿ ಮತ್ತೆ ಸ್ಪ್ಯಾನರ್ ಹಾಕಿದ. “ಹದಿನಾಲ್ಕು!” ಕೇಬಲ್ಲಿನ ಕೊಕ್ಕೆ ಕಿರುಗುಟ್ಟಿತು. “ಹದಿನೈದು!”

“ಭಾವಾ, ಬಿಡಿ! ಹಿಂದಕ್ಕೆ ಬನ್ನಿ!” ಎಂದು ಕಿರುಚಿದೆ. ಕೊಲ್ಲುವುದಕ್ಕೂ ಯೋಗ್ಯತೆ ಬೇಕು, ನನ್ನಲ್ಲಿ ಇರಲಿಲ್ಲ.

ಅವನು ನಕ್ಕ. ನಕ್ಕು, ಕೇಬಲ್ಲಿಗೆ ಇನ್ನೊಂದು ಏಟು ಕೊಡಲು ಬಲಗೈ ಎತ್ತಿದ. ಕೇಬಲ್ ಹರಿಯಿತು.

ಮೂರು ಬೆರಳು ನಿಲ್ದಾಣದ ಮೆಟ್ಟಿಲ ಮೇಲೆ ಬಿದ್ದವು. ಅಂಗೈ ನುಜ್ಜುಗುಜ್ಜಾಗಿ ಮಣಿಕಟ್ಟಿನಿಂದ ಜೋತಾಡುತ್ತಿತ್ತು. ಸಡಿಲಗೊಂಡು ಕೆಳಗಿಳಿದ ಬಿಳಿ ಬಟ್ಟೆಗೆ ರಕ್ತ ಚಿಮ್ಮಿತ್ತು. ಬೆಲ್ಟು ಬಿಚ್ಚಿ ಅವನ ತೋಳಿಗೆ ಬಿಗಿದೆ. ಆ ಬೈಗುಳ, ಆ ಅರಚಾಟ ಇನ್ನೂ ನನ್ನ ಕಿವಿಯಲ್ಲಿದೆ.

ಅಕ್ಕ ಆಸ್ಪತ್ರೆಗೆ ಓಡಿ ಬಂದು, ಬಲಗಿವಿಯನ್ನು ನನ್ನ ಕಡೆ ಹಿಡಿದಳು.

“ಏನಾಯ್ತೋ?”

“ಅಕ್ಕಾ, ನಾನೇ…”

“ಕೇಬಲ್ ಹರಿದು ಕೈಗೆ ಬಡೀತು, ಅಷ್ಟೇ,” ಎಂದ ಭಾವ, ಮಂಚದ ಮೇಲೆ ಕತ್ತಿನವರೆಗೂ ಹೊದ್ದುಕೊಂಡು. ಬಾಮೈದನಿಗೆ ಸೋತೆ ಎಂದು ಹೇಳಿಕೊಳ್ಳಲು ಅವನಿಂದ ಆಗುತ್ತಿರಲಿಲ್ಲ.

ಅಕ್ಕ ಇಬ್ಬರನ್ನೂ ನೋಡಿದಳು.

“ಯಾವ ಕೈ?”

“ಬಲಗೈ,” ಎಂದೆ.

ಅವಳು ಅಳಲಿಲ್ಲ. ಕುರ್ಚಿಯನ್ನು ಮಂಚದ ಹತ್ತಿರಕ್ಕೇ ಎಳೆದುಕೊಂಡು, ಮದುವೆಯಾದ ಮೇಲೆ ಮೊದಲ ಸಲ ಅವನ ಪಕ್ಕದಲ್ಲಿ ಬೆನ್ನು ಒರಗಿಸಿ ಕುಳಿತಳು.