ಸೌದಾಮಿನಿ ಚೇಚಿಯ ಜಗಲಿ

ಬೆಳಿಗ್ಗೆ ಒಂಬತ್ತಕ್ಕೆ ಮಗ್ಗಗಳು ಶುರುವಾಗುತ್ತವೆ. ನೇಕಾರರ ಸಂಘದ ಉದ್ದನೆಯ ಹಂಚಿನ ಕಟ್ಟಡದೊಳಗೆ ಲಾಳಿಗಳು ಅತ್ತಿಂದಿತ್ತ ಓಡುವ ಟಕಟಕ ಸದ್ದು ಗೋಡೆ ದಾಟಿ ನಮ್ಮ ಓಣಿಗೆ ಇಳಿದೊಡನೆ, ಹಾಲಿನವನಿಂದ ಹಿಡಿದು ಕಾಲೇಜಿಗೆ ಹೊರಟ ನನ್ನವರೆಗೆ ಎಲ್ಲರ ಹೆಜ್ಜೆಯೂ ತಾನಾಗಿ ಚುರುಕಾಗುತ್ತದೆ. ಓಣಿಗೆಲ್ಲ ಅಕ್ಕನಂತಿರುವ ಸೌದಾಮಿನಿ ಚೇಚಿಯ ನಡಿಗೆ ಮಾತ್ರ ಬದಲಾಗುವುದಿಲ್ಲ. ನಾಲ್ಕು ಹೆಜ್ಜೆ ಇಟ್ಟು ಅವರು ನಿಲ್ಲುತ್ತಾರೆ, ಪಕ್ಕದಲ್ಲಿ ಯಾರೋ ಹಿಂದುಳಿದಿದ್ದಾರೆ ಎಂಬಂತೆ ಕೊಂಚ ಬಾಗಿ ಕಾಯುತ್ತಾರೆ, ಮತ್ತೆ ನಡೆಯುತ್ತಾರೆ. ನಡೆಯಲು ಕಲಿಯುವ ಮಕ್ಕಳ ಪಕ್ಕದಲ್ಲಿ ಅರ್ಧ ಆಯುಷ್ಯ ಕಳೆದವರ ನಡಿಗೆ ಅದು. ಸೈಕಲ್ಲಿನಲ್ಲಿ ಮೀನು ತರುವ ಪೋಕರ್ ಓಣಿಯ ತುದಿಯಿಂದಲೇ ಕೂಗುತ್ತಾನೆ: "ಚೇಚೀ, ನೀವು ಇಲ್ಲಿಗೆ ಬರೋಷ್ಟರಲ್ಲಿ ಇದು ಒಣಮೀನಾಗಿರುತ್ತೆ!"

"ಹಾಗಾದ್ರೆ ಒಣಮೀನಿನ ಬೆಲೆ ಹೇಳು," ಎನ್ನುತ್ತಾರೆ ಚೇಚಿ, ನಿಂತಲ್ಲಿಂದಲೇ.

ತಲಶೇರಿಯಲ್ಲಿ ಚೇಚಿಯ ಮನೆಯ ಮಾಳಿಗೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೇನೆ. ನನ್ನ ಕಿಟಕಿ ತೆರೆಯುವುದು ಅವರ ಹಿಂಜಗಲಿಯ ಮೇಲಕ್ಕೆ. ಕೂರಲು, ನಿಲ್ಲಲು, ನಡೆಯಲು ತಡವಾದ ಮಕ್ಕಳಿಗೆ ಅಲ್ಲಿಯೇ ಥೆರಪಿ ನಡೆಯುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ಬಹುಕಾಲ ದುಡಿದು ಬಂದ ಚೇಚಿ ಅಲ್ಲಿನ ಬಿಳಿ ಕೋಟನ್ನು ಮಾತ್ರ ಬಿಟ್ಟುಬಂದಿಲ್ಲ. ಗಂಡಸರ ಅಳತೆಯ, ಮೊಣಕಾಲಿಗೆ ತಾಗುವ ಆ ಕೋಟಿಗೆ ಎರಡು ಆಳವಾದ ಜೇಬುಗಳು. ಮಗುವೊಂದು ಆಟಿಕೆಗಾಗಿ ತಿಣುಕುವಾಗ ಅವರ ಎರಡು ಕೈಗಳೂ ಆ ಜೇಬಿನೊಳಗಿರುತ್ತವೆ. ನೆರವಾಗಲು ಧಾವಿಸುವ ಕೈಗಳನ್ನು ಅಲ್ಲಿ ಕಟ್ಟಿಹಾಕಿದ್ದಾರೆಂದು ತಿಳಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಹೊಸದಾಗಿ ಬಂದ ತಾಯಂದಿರಿಗೆ ಅದು ಬರೀ ಅಹಂಕಾರವಾಗಿ ಕಾಣುತ್ತದೆ.

ಆಸ್ಯುಮ್ಮನಿಗೂ ಹಾಗೆಯೇ ಕಂಡಿತ್ತು. ಕಡಲ ಬದಿಯ ದೊಡ್ಡ ಮನೆಯ ಯಜಮಾನಿ ಆಕೆ. ಅವರಲ್ಲಿ ಹೆಣ್ಣುಮಕ್ಕಳು ಮದುವೆಯ ನಂತರವೂ ತಾಯಿಮನೆಯಲ್ಲೇ ಇರುವುದು ರೂಢಿ. ಆದ್ದರಿಂದ ಮೊಮ್ಮಗ ಐಮನ್‌ನ ಜೊತೆ ಮೊದಲ ದಿನ ಆಟೋದಿಂದ ಇಳಿದವರು ಅಜ್ಜಿ, ತಾಯಿ ರಂಸೀನ ಮತ್ತು ಇಬ್ಬರು ಚಿಕ್ಕಮ್ಮಂದಿರು. ಮೂರು ತುಂಬಿದ ಹುಡುಗ. ಹುಟ್ಟುವಾಗ ಉಸಿರಿಗೆ ಕಷ್ಟವಾಗಿ ಕಾಲುಗಳು ಬಿಗಿದುಕೊಂಡಿದ್ದವು. ಅಂಗಳ ದಾಟುವಷ್ಟರಲ್ಲಿ ಅವನು ಮೂರು ಸೊಂಟಗಳನ್ನು ಬದಲಾಯಿಸಿದ.

ಯಂತ್ರವನ್ನೋ ಮದ್ದನ್ನೋ ನಿರೀಕ್ಷಿಸಿ ಬಂದವರ ಎದುರು ಚೇಚಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪ್ರಶ್ನೆಗಳನ್ನು ಕೇಳಿದರು. ಇವನನ್ನು ನಗಿಸುವವರು ಯಾರು, ಉಣ್ಣುವಾಗ ಹೇಗೆ ಕೂರುತ್ತಾನೆ, ನೀರು ಬೇಕಾದರೆ ಏನು ಮಾಡುತ್ತಾನೆ?

"ಅವನೇನು ಕೇಳೋದು ಡಾಕ್ಟರೇ? ಕಣ್ಣು ನೋಡಿದ್ರೆ ನಂಗೆ ಗೊತ್ತಾಗುತ್ತೆ. ಲೋಟ ಬಾಯಿಗಿಡ್ತೀನಿ," ಎಂದರು ಆಸ್ಯುಮ್ಮ.

"ಡಾಕ್ಟರಲ್ಲ ಉಮ್ಮ, ಚೇಚಿ ಅಂದ್ರೆ ಸಾಕು. ಅವನು ಎಂದಾದ್ರೂ ಕೈ ಚಾಚಿದ್ದಾನಾ?"

"ಯಾಕೆ ಚಾಚಬೇಕು? ಮನೆಯಲ್ಲಿ ನಾವಿಷ್ಟು ಜನ ಸತ್ತಿದ್ದೀವಾ?"

ಹೊರಡುವಾಗ ರಂಸೀನ ಮೆಲ್ಲಗೆ ಕೇಳಿದಳು: "ಇವನು ನಡೀತಾನಾ ಚೇಚಿ?"

"ಸುಳ್ಳು ಹೇಳಲಾರೆ, ಮಗಳೇ. ಇವನನ್ನ ಇನ್ನೂ ಸರಿಯಾಗಿ ನೋಡಿಲ್ಲ. ಕೋಲು ಹಿಡಿದು ನಡೀಬಹುದು, ಹಿಡಿಯದೆ ನಡೀಬಹುದು, ನಡೀದೇನೂ ಇರಬಹುದು. ಕೆಲವು ವಾರ ನೋಡ್ತೀನಿ, ಆಮೇಲೆ ಗೊತ್ತಾದಷ್ಟು ಹೇಳ್ತೀನಿ. ಇಲ್ಲಿ ಮಾಡಿದ್ದನ್ನ ಮನೇಲಿ ದಿನಾ ಮಾಡಬೇಕು, ಅದು ಮಾತ್ರ ಖಂಡಿತ."

ಆ ವಾರಗಳಲ್ಲಿ ಹೊರಗಣ್ಣಿಗೆ ಕಂಡದ್ದು ಆಟ ಮಾತ್ರ. ಚೆಂಡು, ಗಂಟೆ, ಮಗುಚಿಟ್ಟ ಪಾತ್ರೆ. ಐಮನ್ ಅಳುತ್ತಿದ್ದ, ಚಿಕ್ಕಮ್ಮಂದಿರು ಕಣ್ಣೊರೆಸಿಕೊಳ್ಳುತ್ತಿದ್ದರು. "ಆಟ ಆಡ್ಸೋಕೆ ಆಟೋ ಮಾಡ್ಕೊಂಡು ಬರಬೇಕಾ?" ಎಂದು ಆಸ್ಯುಮ್ಮ ನನ್ನ ಕಿಟಕಿಗೂ ಕೇಳುವಂತೆ ಗೊಣಗುತ್ತಿದ್ದರು.

ಈ ಕಡೆಯ ಮನೆಗಳಲ್ಲಿ ಮೂಳೆಗಾಗಲಿ ನರಕ್ಕಾಗಲಿ ಎಣ್ಣೆ ನೀವುವುದೇ ಮೊದಲ ಚಿಕಿತ್ಸೆ. ಚೇಚಿ ನೀವುತ್ತಿಲ್ಲವೆಂದ ಮೇಲೆ, ಆ ಕೆಲಸವನ್ನು ತಾವೇ ಮಾಡೋಣವೆಂದು ಆಸ್ಯುಮ್ಮ ಒಂದು ಸೋಮವಾರ ಮೊಮ್ಮಗನ ನೆತ್ತಿಯಿಂದ ಅಂಗಾಲಿನವರೆಗೆ ಕುಳಂಬು ಎಂಬ ಔಷಧಿಯೆಣ್ಣೆಯನ್ನು ಬಿಸಿಮಾಡಿ ಧಾರಾಳವಾಗಿ ಹಚ್ಚಿ ಕರೆತಂದರು. ಅಂದು ಹುಡುಗ ಮೊಣಕಾಲೂರಬೇಕಿತ್ತು. ಊರಿದಲ್ಲೆಲ್ಲ ಜಾರಿದ. ಚೇಚಿಯ ಹಿಡಿತದಿಂದಲೂ ಮೀನಿನಂತೆ ನುಣುಚಿದ.

"ಏನು ಉಮ್ಮ, ಇವನನ್ನ ಹುರಿಯೋಕೆ ತಂದಿದ್ದೀರಾ?"

ರಂಸೀನ ನಕ್ಕಳು. ಆಸ್ಯುಮ್ಮ ನಗಲಿಲ್ಲ. ಮಗುವನ್ನೆತ್ತಿ ಸೊಂಟಕ್ಕೇರಿಸಿ ಆಟೋ ಹತ್ತಿದರು. ಮುಂದಿನ ಸೋಮವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಬಿಗಿದ ಕಾಲುಗಳನ್ನು ಹೀಗೆ ಬಿಟ್ಟರೆ ಕಾಲ ಕಳೆದಂತೆ ಇನ್ನಷ್ಟು ಬಿಗಿಯುತ್ತವೆ ಎಂದು ಚೇಚಿ ನನಗೆ ಹೇಳಿದ್ದು ಆ ದಿನಗಳಲ್ಲಿಯೇ. ಮೂರನೆಯ ಸೋಮವಾರ ಸಂಜೆ ಆಸ್ಯುಮ್ಮನ ಮನೆಗೆ ಹೊರಟ ಚೇಚಿ ನನ್ನನ್ನೂ ಕರೆದರು. ತಪ್ಪೊಪ್ಪಲು ಹೋಗುವಾಗ ಪಕ್ಕದಲ್ಲಿ ಒಬ್ಬರಿದ್ದರೆ ಅರ್ಧ ದಾರಿಯಿಂದ ವಾಪಸಾಗಲು ನಾಚಿಕೆಯಾಗುತ್ತದಂತೆ.

"ನನ್ನ ಬಾಯಿ ಕೆಟ್ಟದ್ದು ಉಮ್ಮ. ನೀವು ಪ್ರೀತಿಯಿಂದ ಹಚ್ಚಿದ ಎಣ್ಣೆಗೆ ಹಾಗೆ ಅನ್ನಬಾರದಿತ್ತು."

"ಬಾಯಿ ಕೆಟ್ಟದ್ದೇ," ಎಂದರು ಆಸ್ಯುಮ್ಮ. "ಚಹಾ ಕುಡೀರಿ."

ಚಹಾದ ಹೊತ್ತಿಗೆ ನಡುಮನೆಯಲ್ಲಿ ಹೆಂಗಸರೆಲ್ಲ ಸುತ್ತ ಕೂತರು. ಐಮನ್ ಮಡಿಲಿಂದ ಮಡಿಲಿಗೆ ದಾಟುತ್ತಿದ್ದ. ಆ ಮನೆಯ ಹೊಳೆಯುವ ಕೆಂಪು ನೆಲಕ್ಕೆ ಅವನ ಪಾದ ತಾಗಿಯೇ ಇರಲಿಲ್ಲ. ಚೇಚಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಬಾಳೆಹಣ್ಣಿನ ಸಿಹಿತಿಂಡಿ ಉನ್ನಕ್ಕಾಯಿ ತುಂಬಿದ ತಟ್ಟೆಯನ್ನು ತಗ್ಗಾದ ಮರದ ಬೆಂಚಿನ ಮೇಲಿಟ್ಟು, ಹುಡುಗನನ್ನು ಅದರ ಬುಡದಲ್ಲಿ ನೆಲಕ್ಕಿಳಿಸಿದರು.

ಅವನು ಚೀರಿದ. ಹೆಂಗಸರೆಲ್ಲ ಒಟ್ಟಿಗೇ ಎದ್ದರು.

"ಉಮ್ಮ, ಇದು ನೋವಿನ ಅಳು ಅಲ್ಲ. ನೋವಾಗಿದ್ರೆ ಮೊದಲು ಎತ್ತೋದು ನಾನೇ. ಇದು ಸಿಟ್ಟು."

ಆಸ್ಯುಮ್ಮ ಕಿವಿಗೊಟ್ಟು ಕೇಳಿದರು. ಚಾಚಿದ ಕೈಯನ್ನು ಹಿಂದೆಗೆದರು. "ಹೌದು, ಇವನಜ್ಜನದೇ ಸಿಟ್ಟು. ಕೂತ್ಕೊಳ್ರೇ ಎಲ್ಲಾ! ಮದುವೆ ಮೆರವಣಿಗೆ ಬಂತಾ ಎದ್ದು ನಿಲ್ಲೋಕೆ?"

ಚಹಾ ಆರಿತು. ಅಳು ಬಿಕ್ಕಾಯಿತು, ಬಿಕ್ಕು ಮೌನವಾಯಿತು. ಐಮನ್ ಬೆಂಚಿನ ಅಂಚಿಗೆ ಒಂದು ಕೈ ಹಾಕಿದ, ಎರಡನೆಯದನ್ನೂ ಹಾಕಿದ. ನಡುಗುವ ಮೊಣಕಾಲುಗಳು ನೆಲ ಬಿಟ್ಟವು. ಒಂದು ಉನ್ನಕ್ಕಾಯಿ ಮುಷ್ಟಿಯಲ್ಲಿ ಹಿಸುಕಿಹೋಗುವಷ್ಟು ಹೊತ್ತು ಅವನು ತನ್ನ ಕಾಲ ಮೇಲಿದ್ದ, ಆಮೇಲೆ ದೊಪ್ಪನೆ ಕೂತು ಅದನ್ನು ತಿಂದ.

"ಬೆಂಚು ಬಹಳ ತಗ್ಗು," ಎಂದರು ಆಸ್ಯುಮ್ಮ. "ನಾಳೆಗೆ ಎತ್ತರದ್ದು ಹುಡುಕಬೇಕು."

ಈಗ ವರ್ಷ ಕಳೆದಿದೆ. ಐಮನ್ ಚಕ್ರದ ಚೌಕಟ್ಟನ್ನು ತಳ್ಳಿಕೊಂಡು ಮನೆಯೊಳಗೆ ಓಡಾಡುತ್ತಾನೆ. ಅದನ್ನು ಬಿಡುತ್ತಾನೋ ಇಲ್ಲವೋ ಚೇಚಿ ಹೇಳಿಲ್ಲ, ಆ ಮನೆಯವರು ಕೇಳುವುದನ್ನು ಬಿಟ್ಟಿದ್ದಾರೆ. ಹೊಸಬರಿಗೆ ತಿಳಿಹೇಳುವ ಕೆಲಸವನ್ನು ಆಸ್ಯುಮ್ಮ ತಾವಾಗಿ ವಹಿಸಿಕೊಂಡಿದ್ದಾರೆ. ಮೊನ್ನೆ ಪಾನೂರಿನಿಂದ, ಇನ್ನೂ ಕೂರಲು ಕಲಿಯದ ಮಗಳನ್ನು ಕರೆತಂದ ಸುಧೀಶನಿಗೆ ಅವರು ಹೇಳುತ್ತಿದ್ದರು: "ಮೊದಲ ದಿನ ಇವಳು ಏನೂ ಮಾಡಲ್ಲ. ಎರಡನೇ ದಿನಾನೂ ಮಾಡಲ್ಲ. ನಿಮಗೆ ಸಿಟ್ಟು ಬರುತ್ತೆ. ಮನೆಗೆ ಹೋಗಿ ಚೆನ್ನಾಗಿ ಬೈದು, ತಿರುಗಿ ಬನ್ನಿ."

ಕೆಲವರು ಕೊಡಬಲ್ಲದ್ದು ಭರವಸೆಯನ್ನಲ್ಲ, ಒಡನಾಟವನ್ನು. ಅವರು ಕಾಲವನ್ನು ಅಳೆಯುವುದು ಎದುರಿಗಿರುವ ಮಗುವಿನಿಂದಲೇ ಹೊರತು ಕಾದು ಕೂತವರ ಆತುರದಿಂದಲ್ಲ. ಅಂಥವರಿಂದ ಉತ್ತರ ಬೇಡುವವರಿಗೆ ಅವರ ಬೆನ್ನು ಮಾತ್ರ ಕಾಣಿಸುತ್ತದೆ. ಬೆನ್ನು ಕಂಡಾಗ ಅವರ ಮುಖ ಯಾವ ಕಡೆಗಿದೆಯೆಂದು ನೋಡುವಷ್ಟು ತಾಳ್ಮೆಯನ್ನು ಅವರು ಯಾರಿಗೂ ಕಲಿಸುವುದಿಲ್ಲ, ಅದು ಹೇಗೋ ಬಂದುಬಿಡುತ್ತದೆ.

"ಎಷ್ಟು ತಿಂಗಳಾಗಬಹುದು ಚೇಚಿ?" ಎಂದು ಸುಧೀಶ ಕೇಳಿದ. "ಸುಮ್ನೆ ಒಂದು ಅಂದಾಜು ಸಾಕು."

"ಅಂದಾಜು ಹೇಳಬಹುದಪ್ಪ. ನಾನು ನೋಡಿದ ಮಕ್ಕಳಲ್ಲಿ, ಇವಳ ಹಾಗೆ ಬೆನ್ನು ಗಟ್ಟಿಯಾಗೋಕೆ ತಡ ಆದವರು ಸಾಮಾನ್ಯವಾಗಿ..."

ಚಾಪೆಯ ಮೇಲೆ ದಿಂಬಿಗೊರಗಿಸಿದ್ದ ಹುಡುಗಿ, ಜಗಲಿ ಹತ್ತಿದ ಬೆಕ್ಕನ್ನು ನೋಡಲು ದಿಂಬು ಬಿಟ್ಟು ಮುಂದಕ್ಕೆ ಬಾಗಿದ್ದಳು. ಚೇಚಿ ಮಾತನ್ನು ಅರ್ಧಕ್ಕೇ ಬಿಟ್ಟು ಆ ಕಡೆ ನಡೆದರು.