ಬೊಗಸೆ ಆಟ

"ಅಮಲ್ದಾರ್ರ ಮುಂದೆ ಬಾಯಿ ಬಿಟ್ಟೆ ಅಂದ್ರೆ ನಾಲಿಗೆ ಕಿತ್ತು ನಾಯಿಗೆ ಹಾಕಿಸ್ತೀನಿ, ಸೂಳೆಮಗನೆ! ಮೂಕಾಟ ಆಡು, ಕೈಕಾಲು ಆಡ್ಸು, ಹೋಗು!" ಎಂದು ಹಾಲೇಶಪ್ಪಗೌಡರು ದಾಸಣ್ಣನ ಕಡೆ ಉಗುಳಿದರು.

ದಾಸಣ್ಣ ತಲೆಯಾಡಿಸಿದ. ಮಾತಿಲ್ಲದೆ ಕತೆ ಹೇಳುವುದು ಅವನ ಅಪ್ಪನ ಕಾಲದ ವಿದ್ಯೆ. ನರಿ, ಮುದುಕಿ, ಮದುವಣಗಿತ್ತಿ ಎಲ್ಲರೂ ಅವನ ಮೈಯಲ್ಲೇ ಇದ್ದರು. ಪಾಪ, ಗೌಡರು ಬಾಯಿಗೆ ಮಾತ್ರ ಬೀಗ ಹಾಕಿದ್ದರು.

ಊರಬಾವಿಯನ್ನು ಕೇರಿಯವರು ಮುಟ್ಟುವಂತಿರಲಿಲ್ಲ. ಮೇಲಿನವರು ಸೇದಿ ಹೊಯ್ದರಷ್ಟೇ ನೀರು. ಬಿಟ್ಟಿ ಗೇಯಲು ಒಲ್ಲೆವೆಂದ ದಿನದಿಂದ ಗೌಡರು ಅದನ್ನೂ ನಿಲ್ಲಿಸಿದ್ದರು. ದಾಸಣ್ಣನ ಹೆಂಡತಿ ಕಾಟಮ್ಮ ಹಸಿ ಬಾಣಂತಿ. ಹಳ್ಳದ ಕೆಸರು ಸೋಸಿ ಕುಡಿಯುತ್ತಿದ್ದಳು, ಎದೆಹಾಲು ಬತ್ತಿತ್ತು. ಕೂಸು ಹಗಲಿರುಳು ಅಳುತ್ತಿತ್ತು.

ಕಂದಾಯದ ತನಿಖೆಗೆ ಬಂದಿದ್ದ ಮೊಳಕಾಲ್ಮೂರಿನ ಅಮಲ್ದಾರರು ಬಾವಿಯ ಪಕ್ಕದ ಬೇವಿನ ನೆರಳಲ್ಲಿ, ಉಂಡ ಹೊಟ್ಟೆ ಸವರಿಕೊಳ್ಳುತ್ತ ಆಟ ನೋಡಲು ಕೂತಿದ್ದರು. ದಿನವೂ ನಿಲ್ಲುವಂತೆ ಕೇರಿಯವರು ಖಾಲಿ ಮಡಕೆ ಹಿಡಿದು ದೂರದಲ್ಲಿ ನಿಂತಿದ್ದರು.

ದಾಸಣ್ಣ ಬಸುರಿಯಾದ, ಹೆತ್ತ, ಕೂಸನ್ನು ಎದೆಗಿಟ್ಟುಕೊಂಡ. ಬರಿದಾದ ಎದೆಯನ್ನು ಹಿಂಡಿ ತೋರಿಸಿದ. ಆಮೇಲೆ ಮೊಣಕಾಲೂರಿ, ಬೊಗಸೆಯೊಡ್ಡಿ, ಬಾವಿಯ ಕಡೆ ಮುಖವೆತ್ತಿ ಕೂತುಬಿಟ್ಟ.

"ಏನ್ರೀ ಇದು, ಗೌಡರೆ?" ಅಮಲ್ದಾರರು ಕೇಳಿದರು.

"ಮಳೆ ಕೇಳೋ ಆಟ, ಸ್ವಾಮಿ," ಗೌಡರು ಹಲ್ಲುಕಿರಿದರು.

"ಹಾಗಾದರೆ ಮಳೆ ಎಲ್ಲಿ? ನೀರು ಹುಯ್ಯೋ ಪಾತ್ರವೇ ಇಲ್ಲವಲ್ಲ. ನೀವೇ ಏಳಿ!"

ಅಮಲ್ದಾರರ ಮಾತು ಮೀರುವುದುಂಟೆ? ಗೌಡರು ಎದ್ದು, ಬಿಂದಿಗೆ ಹಿಡಿದವರಂತೆ ಕೈಮಾಡಿ ಗಾಳಿ ಹೊಯ್ದರು. ದಾಸಣ್ಣ ಬೊಗಸೆಯೊಳಗೆ ಇಣುಕಿದ, ನೆಕ್ಕಿ ನೋಡಿದ. ಒಣ ಅಂಗೈಯನ್ನು ಅಮಲ್ದಾರರಿಗೆ ತೋರಿಸಿ ಮತ್ತೆ ಬೊಗಸೆಯೊಡ್ಡಿದ.

ಅಮಲ್ದಾರರು ತೊಡೆ ತಟ್ಟಿಕೊಂಡು ನಕ್ಕರು. "ನಿಮಗೆ ಆಟ ಬರೋಲ್ಲ ಕಣ್ರೀ! ನಿಜವಾದ ನೀರೇ ಸೇದಿ, ರಂಗೇರಲಿ."

ರಾಟೆ ಕಿರ್ರೆಂದಿತು. ನೀರು ಬೀಳುವ ಹೊತ್ತಿಗೆ ಕಾಟಮ್ಮ ಕೂಸನ್ನೆತ್ತಿಕೊಂಡೇ ಬಂದು ಗಂಡನ ಬೊಗಸೆಯ ಕೆಳಗೆ ಮಡಕೆಯಿಟ್ಟಳು.

"ನಿನ್ನವ್ವನ್... ನಾಳೆ ನೀ ಸತ್ತೆ ಕಣ್ಲೇ," ಗೌಡರು ಹೊಯ್ಯುತ್ತಲೇ ಹಲ್ಲು ಕಡಿದರು.

ದಾಸಣ್ಣನಿಗೂ ಅದು ಗೊತ್ತಿತ್ತು. ಅಮಲ್ದಾರರ ಕುದುರೆ ಊರು ದಾಟುವವರೆಗಷ್ಟೇ ಆಟ. ಮಡಕೆ ತುಂಬಿತು. ಅವನು ಏಳಲಿಲ್ಲ. ನೆರೆಮನೆಯ ಬೋರಕ್ಕ ಬಂದು ಪಕ್ಕದಲ್ಲಿ ಮೊಣಕಾಲೂರಿದಳು. ಅವಳ ಹಿಂದೆ ಇಡೀ ಕೇರಿ ಮುಂದೆ ಮಡಕೆಯಿಟ್ಟುಕೊಂಡು ಬೊಗಸೆಯೊಡ್ಡಿ ಕೂತಿತು.

"ಭೇಷ್! ಎಷ್ಟು ಜನ ಪಾತ್ರಧಾರಿಗಳು!" ಅಮಲ್ದಾರರು ಚಪ್ಪಾಳೆ ತಟ್ಟಿದರು. "ನಿಲ್ಲಿಸಬೇಡಿ ಗೌಡರೆ, ಸೇದಿ."

ಗೌಡರು ಮತ್ತೆ ಹಗ್ಗ ಹಿಡಿದರು.