ವ್ರತದ ತಿಂಗಳ ಹೀರೇಕಾಯಿ

ಮದರಾಸಿನ ಕೀಲ್ಪಾಕಿನ ಆ ವಠಾರಕ್ಕೆ ಮೂರು ಮನೆ, ಒಂದು ಬಾವಿ. ವಾಸಂತಿ ವಿಮಾ ಆಫೀಸು ಮುಗಿಸಿ ಬಸ್ಸಿಳಿದು ಬರುವ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಗಿಡಗಳ ಮಾತು ಶುರುವಾಗಿರುತ್ತಿತ್ತು. ಹೆಗಲ ಚೀಲ ಇಳಿಸದೆಯೇ ಅವಳೂ ಐದು ನಿಮಿಷ ಕೂರುವಳು. ಇಡೀ ದಿನದಲ್ಲಿ ಅವಳದೆಂದು ಇದ್ದದ್ದು ಆ ಐದು ನಿಮಿಷ. ಆಮೇಲೆ ಒಲೆ, ಬಟ್ಟೆ, ಮಗಳ ಹೋಂವರ್ಕು.

ರೈಲ್ವೆಯಿಂದ ನಿವೃತ್ತರಾದ ತಿರುಮಲೇಶರದು ಗುಲಾಬಿ. ಮೊಗ್ಗು ಎಷ್ಟು ಬಂತು ಎಂದು ಅವರನ್ನು ಕೇಳಿದವರು ಬೇಗ ಎದ್ದು ಹೋಗುವಂತಿರಲಿಲ್ಲ. ಪಕ್ಕದ ಮನೆಯ ಭೀಮಾಬಾಯಿಯವರದು ಹೀರೇಬಳ್ಳಿ. ಮದುವೆಯಾಗಿ ಮದರಾಸಿಗೆ ಬರುವಾಗ ಬಾಗಲಕೋಟೆಯ ತವರಿನಿಂದ ಸೆರಗಿಗೆ ಕಟ್ಟಿಕೊಂಡು ತಂದ ಬೀಜ. ನಲವತ್ತು ವರ್ಷದಲ್ಲಿ ಒಂದು ವರ್ಷವೂ ತಪ್ಪಿರಲಿಲ್ಲ. ವಾಸಂತಿಯದು ಎರಡು ಎಣ್ಣೆ ಡಬ್ಬ. ಒಂದರಲ್ಲಿ ಕರಿಬೇವು, ಇನ್ನೊಂದರಲ್ಲಿ ದೊಡ್ಡಪತ್ರೆ. ‘ನಿಂದು ಆಫೀಸಿನ ತೋಟ’ ಎಂದು ಭೀಮಾಬಾಯಿ ನಗುತ್ತಿದ್ದರು.

ಎಂಬತ್ತಮೂರರ ಬೇಸಿಗೆಯಲ್ಲಿ ಬಾವಿಯ ತಳ ಕಂಡಿತು. ಲಾರಿ ನೀರಿಗೆ ಬೆಳಗಿನ ಜಾವವೇ ಕೊಡ ಸಾಲಿಡಬೇಕು. ಗಿಡಕ್ಕೆ ಸಿಗುತ್ತಿದ್ದದ್ದು ಅಕ್ಕಿ ತೊಳೆದ ನೀರು ಮಾತ್ರ. ಭೀಮಾಬಾಯಿ ಮೊದಲು ಹಾಕಿದ ಬೀಜ ಸುಟ್ಟುಹೋಯಿತು. ಡಬ್ಬಿಯಲ್ಲಿದ್ದದ್ದನ್ನೆಲ್ಲ ಸುರಿದು ಮತ್ತೆ ಹಾಕಿದರು. ಒಂದೇ ಬಳ್ಳಿ ಬದುಕಿತು. ಅದು ಗೋಡೆ ಹತ್ತಿ ವಾಸಂತಿಯ ಹಿತ್ತಲಿಗೆ ಇಳಿಯಿತು. ‘ನಿನ್ನ ಕಡೆ ಇಳಿದದ್ದು ನಿಂದಽ ತಂಗಿ, ಕೇಳಬ್ಯಾಡ, ಹರಕೋ’ ಎಂದು ಅವರು ಪ್ರತಿವರ್ಷ ಹೇಳುತ್ತಿದ್ದ ಮಾತನ್ನು ಆ ವರ್ಷವೂ ಹೇಳಿದ್ದರು.

ಹೂವೆಲ್ಲ ಉದುರಿ ಒಂದೇ ಒಂದು ಕಾಯಿ ಕಚ್ಚಿತು, ಅದೂ ವಾಸಂತಿಯ ಕಡೆಗೆ. ಸಂಜೆಯ ಮಾತೆಲ್ಲ ಈಗ ಅದರದೇ. ತಿರುಮಲೇಶರು ಗಂಭೀರವಾಗಿ, “ಇದಕ್ಕೊಂದು ರೇಷನ್ ಕಾರ್ಡ್ ಮಾಡಿಸಿ, ಭೀಮಾಬಾಯಿ. ನಮಗಿಂತ ಜಾಸ್ತಿ ತಣ್ಣಿ ಕುಡೀತದೆ,” ಅಂದಿದ್ದರು.

ಅಷ್ಟರಲ್ಲಿ ಚಾತುರ್ಮಾಸ್ಯ ಬಂತು. ಮೊದಲ ತಿಂಗಳು ಭೀಮಾಬಾಯಿಯವರ ಮನೆಯಲ್ಲಿ ಶಾಕವ್ರತ. ತರಕಾರಿ ಮನೆಯೊಳಗೇ ಬರುವಂತಿಲ್ಲ. ವಾಸಂತಿಯ ಮನೆಯಲ್ಲಿ ಆ ಕಟ್ಟಳೆಯಿರಲಿಲ್ಲ.

ಒಂದು ಬೆಳಿಗ್ಗೆ ವಾಸಂತಿಯ ಬುಟ್ಟಿಯಲ್ಲಿ ಒಂದು ಈರುಳ್ಳಿ ಬಿಟ್ಟರೆ ಏನೂ ಇರಲಿಲ್ಲ. ಗಂಡ ಕಮಲಾಕರ ಕ್ಯಾಂಪಿಗೆಂದು ಸೇಲಂಗೆ ಹೋಗಿದ್ದ. ಮಗಳು ಕೌಸಲ್ಯಾಳ ಟಿಫಿನ್ ಡಬ್ಬಿ ಬಾಯಿ ತೆರೆದು ಕೂತಿತ್ತು. ಬಸ್ಸಿಗೆ ಇಪ್ಪತ್ತು ನಿಮಿಷ. ಹಿತ್ತಲಿಗೆ ಬಂದವಳ ಕಣ್ಣಿಗೆ ಕಾಯಿ ಬಿತ್ತು. ಅವರು ಈ ತಿಂಗಳು ತಿನ್ನುವುದಿಲ್ಲ, ತಿಂಗಳು ಕಳೆಯುವುದರೊಳಗೆ ನಾರಾಗಿ ಯಾರಿಗೂ ಇಲ್ಲದೆ ಹೋಗುತ್ತದೆ ಅನ್ನಿಸಿತು. ಒಳಗಿಂದ ಚಾಕು ತಂದು ತೊಟ್ಟು ಕೊಯ್ದಳು.

ಸಂಜೆ ಬಾವಿಕಟ್ಟೆಯಲ್ಲಿ ನಗುವಿರಲಿಲ್ಲ. ಭೀಮಾಬಾಯಿ ಗೋಡೆಯ ಕಡೆ ನೋಡುತ್ತಾ ಹೇಳುತ್ತಿದ್ದರು: ವ್ರತದ ತಿಂಗಳಲ್ಲಿ ಬಿಟ್ಟ ಕಾಯೇ ತಮ್ಮಲ್ಲಿ ಬೀಜಕ್ಕೆ. ಮನೆಯಲ್ಲಿ ಯಾರೂ ಮುಟ್ಟದ ತಿಂಗಳಾದ್ದರಿಂದ ಅದು ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನುವವರೆಗೆ ನೆಮ್ಮದಿಯಾಗಿರುತ್ತದೆ. ತಾಯಿ ಹಾಗೇ ಮಾಡುತ್ತಿದ್ದಳು, ಅತ್ತೆಯೂ. ಗುರುತಿಗೆ ದಾರ ಕಟ್ಟಬೇಕೆಂದು ಯಾರಿಗೂ ಎಂದೂ ಹೊಳೆದಿರಲಿಲ್ಲ.

ತಿರುಮಲೇಶರು ಅಳಿಲಿನ ಮೇಲೆ ಹೊರಿಸಿದರು. ಕಾಣೆಯಾದ ತಮ್ಮ ಮೊಗ್ಗುಗಳ ಲೆಕ್ಕವನ್ನೂ ಅದರ ತಲೆಗೇ ಕಟ್ಟಿದರು.

“ಅಳಿಲಿನ ಕೈಯಾಗ ಚಾಕು ಯಾರ ಕೊಟ್ಟರು?” ಎಂದರು ಭೀಮಾಬಾಯಿ. ವಾಸಂತಿಯ ಕಡೆ ತಿರುಗಲಿಲ್ಲ.

ವಾಸಂತಿ ಹೇಳಬೇಕೆಂದಿದ್ದಳು. ಒಳಗಿನಿಂದ ಮಗಳು ಕೂಗಿದಳು. ಕೂಗಿದ್ದೇ ನೆಪವಾಗಿ ವಾಸಂತಿ ಎದ್ದು ಹೋದಳು. ನಾಳೆ ಹೇಳಿದರಾಯಿತು. ಆದರೆ ಮರುದಿನ ಹೇಳಬೇಕಾದದ್ದು ಎರಡಾಗಿತ್ತು: ಕಿತ್ತದ್ದು ಒಂದು, ಸುಮ್ಮನಿದ್ದದ್ದು ಇನ್ನೊಂದು. ವಾರದೊಳಗೆ ಬಳ್ಳಿ ಒಣಗಿತು. ಆಮೇಲಿಂದ ವಾಸಂತಿಯ ಬಸ್ಸು ತಡವಾಗತೊಡಗಿತು, ಬಾವಿಕಟ್ಟೆಯಲ್ಲಿ ಕೂರಲು ಹೊತ್ತೇ ಇರಲಿಲ್ಲ.

ಮುಂದಿನ ವರ್ಷ ಬಾವಿಗೆ ನೀರು ಬಂತು. ಬಿತ್ತನೆಯ ಹೊತ್ತಿಗೆ ಎಲ್ಲರೂ ತಂತಮ್ಮ ಪೊಟ್ಟಣ ತಂದು ಹಂಚಿಕೊಳ್ಳುವುದು ಅಲ್ಲಿನ ರೂಢಿ. ಭೀಮಾಬಾಯಿ ಹಳೆಯ ಪೌಡರ್ ಡಬ್ಬಿ ಹಿಡಿದು ಬಂದರು. ಬೀಜ ಕೇಳಿ ತವರಿಗೆ ಕಾರ್ಡು ಬರೆಸಿದ್ದರಂತೆ. ಅಲ್ಲಿ ಆ ಹೀರೆ ಹಾಕುವುದನ್ನು ಬಿಟ್ಟು ಹತ್ತು ವರ್ಷವಾಯಿತೆಂದು ಉತ್ತರ ಬಂದಿತ್ತು. ಡಬ್ಬಿ ಖಾಲಿ. ಆದರೂ ತಂದಿದ್ದರು.

ತಿರುಮಲೇಶರು ನೀರು ಸೇದಲು ಎದ್ದಾಗ ವಾಸಂತಿ ಹೇಳಿಬಿಟ್ಟಳು. “ಅಮ್ಮಾ, ಆ ಕಾಯಿ ಕಿತ್ತವಳು ನಾನು. ಬೀಜಕ್ಕೆ ಅಂತ ಗೊತ್ತಿರಲಿಲ್ಲ.”

“ಗೊತ್ತದ. ನಿನ್ನ ಕಸದ ಬುಟ್ಯಾಗ ಸಿಪ್ಪಿ ನೋಡಿದ್ದೆ. ಇವತ್ತ ಹೇಳ್ತಾಳ, ನಾಳೆ ಹೇಳ್ತಾಳ ಅಂತ ಕೂತೆ.” ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವರೇ ಕೇಳಿದರು. “ನಲವತ್ತು ವರ್ಷದಾಗ ಆ ತಿಂಗಳ ಕಾಯಿ ನಾ ಒಮ್ಮೆನೂ ತಿಂದಿಲ್ಲ. ಹೆಂಗಿತ್ತವಾ ರುಚಿ?”

ವಾಸಂತಿಗೆ ಕಾಯಿ ಕಿತ್ತ ದಿನದ ಟಿಫಿನ್ ಡಬ್ಬಿ ನೆನಪಾಯಿತು. ಅನ್ನದ ಮಗ್ಗುಲಲ್ಲಿ ಪಲ್ಯ ಹಾಗೇ ವಾಪಸು ಬಂದಿತ್ತು. “ಕಸಕ್ಕುದು ಅಮ್ಮಾ, ಬರೀ ಕಹಿ,” ಅಂದಿದ್ದಳು ಮಗಳು ಮುಖ ಕಿವುಚಿ. ನೀರಿಲ್ಲದ ಬಳ್ಳಿಯ ಕಾಯಿ ಕಹಿಯಾಗಿತ್ತು. ವಾಸಂತಿ ಒಂದು ಚೂರೂ ಬಾಯಿಗಿಡದೆ ಬೀದಿಯ ತೊಟ್ಟಿಗೆ ಸುರಿದು ಬಂದಿದ್ದಳು.

“ಸಿಹಿಯಾಗಿತ್ತಮ್ಮಾ,” ಎಂದಳು.

“ಇರಬೇಕು,” ಎಂದರು ಭೀಮಾಬಾಯಿ. ಬಹಳ ಹೊತ್ತು ತಲೆದೂಗುತ್ತಿದ್ದು, ಖಾಲಿ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿದರು.